ಕೋಬ್ರಾ 1.6 ಟ್ರ್ಯಾಕ್ ಮತ್ತು ಏಳು ಹಲ್ಲಿನ ಸ್ಪ್ರಾಕೆಟ್: ಟನಲ್ಲಿನೊಳಗಿನ ಸಂದಿನ ಲೆಕ್ಕ

ಹಿಮದ ಮೇಲೆ ಓಡುವ ಸ್ನೋಮೊಬೈಲಿಗೆ ಹೊಸ ಟ್ರ್ಯಾಕ್ (ಚಕ್ರದ ಬದಲು ಸುತ್ತುವ ರಬ್ಬರ್ ಪಟ್ಟಿ) ಹಾಕಿಸಲು ಹೊರಟವರು ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಲಗ್ಗಿನ, ಅಂದರೆ ಆ ಪಟ್ಟಿಯ ಹೊರಮೈಯಲ್ಲಿ ಹಿಮವನ್ನು ಕಚ್ಚುವ ರಬ್ಬರ್ ಏಣಿನ ಎತ್ತರವನ್ನು. ಒಂದೂಕಾಲು ಇಂಚಿಗಿಂತ 1.6 ಇಂಚು ಮೇಲು, ಅದಕ್ಕಿಂತ ಎರಡು ಇಂಚು ಮೇಲು ಎಂಬ ಲೆಕ್ಕದಲ್ಲೇ ವ್ಯಾಪಾರ ಮುಗಿದುಹೋಗುತ್ತದೆ. ಆ ಲಗ್ಗಿನ ತುದಿಗೂ ಅದರ ನೆತ್ತಿಯ ಮೇಲಿರುವ ಲೋಹದ ಚೌಕಟ್ಟಾದ ಟನಲ್ಲಿಗೂ ನಡುವೆ ಎಷ್ಟು ಸಂದು ಉಳಿಯುತ್ತದೆ ಎಂದು ಕೇಳುವ ಗ್ರಾಹಕರು ಕಡಿಮೆ. ಕೇಳದೆಯೇ ಹೇಳುವ ಮಾರಾಟಗಾರರು ಇನ್ನೂ ಕಡಿಮೆ. ಈ ವಿಮರ್ಶೆ ಎರಡು ವಸ್ತುಗಳದ್ದು. ಮೊದಲನೆಯದು ಕ್ಯಾಮ್ಸೊ ಕಂಪನಿಯ ಕೋಬ್ರಾ 1.6 ಟ್ರ್ಯಾಕ್; ಎರಡನೆಯದು ಅದೇ ಟ್ರ್ಯಾಕಿಗೆ ಆಮೇಲೆ ಜೋಡಿಸಿದ ಏಳು ಹಲ್ಲಿನ ಡ್ರೈವ್ ಸ್ಪ್ರಾಕೆಟ್ ಜೋಡಿ, ಅಂದರೆ ಟ್ರ್ಯಾಕನ್ನು ಎಳೆದು ತಿರುಗಿಸುವ ಹಲ್ಲುಚಕ್ರಗಳು. ಇವೆರಡನ್ನೂ ಒಟ್ಟಿಗೆ ಹಾಕಿಸಿದ್ದರೆ ಯಾವ ಬದಲಾವಣೆ ಯಾವುದರಿಂದ ಬಂತೆಂದು ತಿಳಿಯುತ್ತಿರಲಿಲ್ಲ. ಆದ್ದರಿಂದ ಬೇಕೆಂದೇ ಮೊದಲು ಟ್ರ್ಯಾಕನ್ನು ಮಾತ್ರ ಬದಲಿಸಿ, ಗಾಡಿಯೊಂದಿಗೆ ಬಂದ ಎಂಟು ಹಲ್ಲಿನ ಸ್ಪ್ರಾಕೆಟ್‌ನೊಂದಿಗೇ ಸಾಕಷ್ಟು ಓಡಿಸಿ, ನಂತರ ಸ್ಪ್ರಾಕೆಟ್ ಬದಲಿಸಿದ್ದೇನೆ.

ಗಾಡಿ ದ್ರವಶೀತಕವಿರುವ, 600 ಸಿಸಿಯ ಎರಡು ಸ್ಟ್ರೋಕಿನದು. ಟ್ರ್ಯಾಕಿನ ಅಳತೆ 137 ಇಂಚು ಉದ್ದ, 15 ಇಂಚು ಅಗಲ, 2.86 ಇಂಚಿನ ಪಿಚ್ (ಸ್ಪ್ರಾಕೆಟ್ಟಿನ ಒಂದು ಹಲ್ಲು ಎಳೆಯುವ ಟ್ರ್ಯಾಕಿನ ಉದ್ದ). ಮೊದಲಿದ್ದ ಟ್ರ್ಯಾಕಿನ ಲಗ್ 1.25 ಇಂಚಿನದು. ಓಡಿಸಿದ ಜಾಗ ಅಮೆರಿಕದ ಮಿಷಿಗನ್ ರಾಜ್ಯದ ಉತ್ತರದ ಕೀವಿನಾ ಪರ್ಯಾಯದ್ವೀಪ. ಸುಪೀರಿಯರ್ ಸರೋವರದ ಮೇಲಿಂದ ಬರುವ ಗಾಳಿ ಇಲ್ಲಿ ಹಗುರವಾದ, ಒಣ ಹಿಮವನ್ನು ರಾಶಿ ಸುರಿಯುತ್ತದೆ; 1978–79ರ ಚಳಿಗಾಲದಲ್ಲಿ ಇಲ್ಲಿ ದಾಖಲಾದ ಹಿಮಪಾತ 390.4 ಇಂಚು. ಹೋಟನ್ ಊರಿನ ಮಿಷಿಗನ್ ಟೆಕ್ ವಿಶ್ವವಿದ್ಯಾಲಯಕ್ಕೆ ಕರ್ನಾಟಕದಿಂದ ಎಂಜಿನಿಯರಿಂಗ್ ಓದಲು ಬಂದವರಲ್ಲಿ ಕೆಲವರಾದರೂ ಎರಡನೆಯ ಚಳಿಗಾಲದ ಹೊತ್ತಿಗೆ ಹಳೆಯ ಸ್ನೋಮೊಬೈಲೊಂದನ್ನು ಕೊಂಡು ಬಿಚ್ಚಿ ಜೋಡಿಸುತ್ತಿರುತ್ತಾರೆ; ಈ ಬರಹ ಮುಖ್ಯವಾಗಿ ಅಂಥವರಿಗೆ. ಅದೇ ವಿಶ್ವವಿದ್ಯಾಲಯದ ಕೀವಿನಾ ಸಂಶೋಧನಾ ಕೇಂದ್ರದಲ್ಲಿ ವಿದ್ಯಾರ್ಥಿ ತಂಡಗಳ ಕ್ಲೀನ್ ಸ್ನೋಮೊಬೈಲ್ ಸ್ಪರ್ಧೆ ನಡೆಯುತ್ತ ಬಂದಿರುವುದರಿಂದ ಈ ಊರಿನಲ್ಲಿ ಇಂಥ ಚರ್ಚೆಗೆ ಕಿವಿಗಳ ಕೊರತೆಯಿಲ್ಲ.

ಸಂದು ಎಂದರೆ ಯಾವುದು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಸ್ನೋಮೊಬೈಲಿನ ಆಸನದ ಕೆಳಗೆ ತಲೆಕೆಳಗಾದ ದೋಣಿಯಂತಿರುವ ಅಲ್ಯೂಮಿನಿಯಂ ಚೌಕಟ್ಟೇ ಟನಲ್. ಅದರ ಮುಂತುದಿಯಲ್ಲಿ ಅಡ್ಡಲಾಗಿರುವ ಡ್ರೈವ್ ಶಾಫ್ಟಿನ ಮೇಲೆ ಎರಡು ಸ್ಪ್ರಾಕೆಟ್‌ಗಳಿರುತ್ತವೆ. ರಬ್ಬರಿನ ಟ್ರ್ಯಾಕ್ ಅವುಗಳನ್ನು ಸುತ್ತಿ, ನೆಲದ ಮೇಲೆ ಸ್ಲೈಡ್ ರೈಲುಗಳ ಕೆಳಗೆ ಹಾದು, ಹಿಂದಿನ ಐಡ್ಲರ್ ಚಕ್ರಗಳನ್ನು ಬಳಸಿ, ಟನಲ್ಲಿನ ಛಾವಣಿಯ ಕೆಳಗಿನಿಂದ ಮತ್ತೆ ಮುಂದಕ್ಕೆ ಬರುತ್ತದೆ. ಆ ಛಾವಣಿಗೆ ಅಂಟಿಕೊಂಡೇ ಕೂಲರ್‌ಗಳು, ಅಂದರೆ ಎಂಜಿನ್ನಿನ ಶೀತಕ ಹರಿಯುವ ಹೀಟ್ ಎಕ್ಸ್‌ಚೇಂಜರ್‌ಗಳು ಇರುತ್ತವೆ. ಅನೇಕ ಗಾಡಿಗಳಲ್ಲಿ ಡ್ರೈವ್ ಶಾಫ್ಟಿನ ಮುಂದೆಯೂ ಒಂದು ಕೂಲರ್ ಅಡ್ಡಲಾಗಿ ನಿಂತಿರುತ್ತದೆ. ಸ್ಪ್ರಾಕೆಟ್ಟನ್ನು ಸುತ್ತುವಾಗ ಲಗ್ಗಿನ ತುದಿ ಈ ಮುಂದಿನ ಕೂಲರ್‌ಗೂ ಮೇಲಿನ ಛಾವಣಿಗೂ ಎಷ್ಟು ದೂರದಲ್ಲಿ ಹಾದುಹೋಗುತ್ತದೆ ಎಂಬುದೇ ಇಲ್ಲಿ ಮುಖ್ಯವಾದ ಅಳತೆ. ಹಿಂಭಾಗದಲ್ಲಿ, ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ಉಳಿಯುವ ಅಂತರ ಎರಡನೆಯದು. ಪಕ್ಕಗಳದ್ದು ಮೂರನೆಯದು, ಅದರಲ್ಲಿ ತೊಂದರೆ ಬರುವುದು ಅಪರೂಪ.

ಲೆಕ್ಕ ಸರಳವಾಗಿದೆ. 2.86 ಇಂಚಿನ ಪಿಚ್ ಇರುವ ಎಂಟು ಹಲ್ಲಿನ ಸ್ಪ್ರಾಕೆಟ್ ಒಂದು ಸುತ್ತಿಗೆ 22.88 ಇಂಚು ಟ್ರ್ಯಾಕನ್ನು ಎಳೆಯುತ್ತದೆ, ಅಂದರೆ ಅದರ ಪಿಚ್ ತ್ರಿಜ್ಯ ಸುಮಾರು 3.64 ಇಂಚು. ಏಳು ಹಲ್ಲಿನದು ಎಳೆಯುವುದು 20.02 ಇಂಚು, ತ್ರಿಜ್ಯ 3.19 ಇಂಚು. ಒಂದು ಹಲ್ಲು ಕಡಿಮೆಯಾದರೆ ಶಾಫ್ಟಿನ ಸುತ್ತ ಎಲ್ಲ ದಿಕ್ಕಿನಲ್ಲೂ 0.455 ಇಂಚು, ಅಂದರೆ ಸುಮಾರು 11.5 ಮಿಲಿಮೀಟರ್ ಜಾಗ ಸಿಗುತ್ತದೆ. 1.25ರಿಂದ 1.6 ಇಂಚಿನ ಲಗ್ಗಿಗೆ ಹೋದಾಗ ಕಳೆದುಕೊಳ್ಳುವುದು 0.35 ಇಂಚು, ಸುಮಾರು 9 ಮಿಲಿಮೀಟರ್. ಹೀಗಾಗಿ ಎತ್ತರದ ಲಗ್ ಹಾಕಿಸಿಯೂ ಏಳು ಹಲ್ಲಿನ ಸ್ಪ್ರಾಕೆಟ್‌ನಿಂದ ಮೂಲ ಗಾಡಿಗಿಂತ ತುಸು ಹೆಚ್ಚೇ ಸಂದು ಉಳಿಯುತ್ತದೆ. ಎರಡು ಇಂಚಿನ ಲಗ್ಗಿಗೆ ಹಾರಿದವರಿಗೆ ಈ ಭಾಗ್ಯವಿಲ್ಲ. ಅವರು ಕಳೆದುಕೊಳ್ಳುವುದು 19 ಮಿಲಿಮೀಟರ್, ಹಲ್ಲು ಕಡಿಮೆ ಮಾಡಿದರೂ ಏಳೂವರೆ ಮಿಲಿಮೀಟರ್ ಸಾಲವಾಗಿಯೇ ಉಳಿಯುತ್ತದೆ. ಪಿಚ್ ಬೇರೆಯಾದರೆ ಅಂಕಿಗಳೂ ಬೇರೆ: 2.52 ಇಂಚಿನ ಪಿಚ್ಚಿನಲ್ಲಿ ಒಂದು ಹಲ್ಲಿಗೆ ಸುಮಾರು 10 ಮಿಲಿಮೀಟರ್, 3 ಇಂಚಿನದರಲ್ಲಿ ಸುಮಾರು 12.

ಈಗ ಟ್ರ್ಯಾಕಿನ ಗುಣ. ಕ್ಯಾಮ್ಸೊ ಕೆನಡಾದ ಕ್ವಿಬೆಕ್ ಪ್ರಾಂತದ ಮೇಗಾಗ್ ಪಟ್ಟಣದಲ್ಲಿ ಬೆಳೆದ ಕಂಪನಿ. ಹಿಂದೆ ಕ್ಯಾಮೋಪ್ಲಾಸ್ಟ್ ಎಂಬ ಹೆಸರಿತ್ತು, 2018ರಲ್ಲಿ ಮಿಶೆಲಿನ್ ಅದನ್ನು ಕೊಂಡಿತು. 1937ರಲ್ಲಿ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೆ ರಬ್ಬರ್ ಹೊದಿಸಿದ ಹಲ್ಲುಚಕ್ರ ಮತ್ತು ಟ್ರ್ಯಾಕಿನ ಏರ್ಪಾಡಿಗೆ ಪೇಟೆಂಟ್ ಪಡೆದ ವಾಲ್‌ಕೂರ್ ಊರು ಅಲ್ಲಿಂದ ದೂರವಿಲ್ಲ. ಟ್ರ್ಯಾಕಿನ ಕಸುಬು ಆ ಸೀಮೆಗೆ ಹೊಸದಲ್ಲ ಎಂಬುದಷ್ಟೇ ಇಲ್ಲಿಗೆ ಪ್ರಸ್ತುತ. ಕೋಬ್ರಾ 1.6 ಗಟ್ಟಿ ಟ್ರೇಲಿಗೂ (ಸ್ನೋಮೊಬೈಲ್ ದಾರಿಗೂ) ಆಳದ ಹಿಮಕ್ಕೂ ನಡುವಿನ ಟ್ರ್ಯಾಕ್. ಯಂತ್ರದಿಂದ ಹದಗೊಳಿಸಿದ ದಾರಿಯಲ್ಲಿ ಒಂದೂಕಾಲು ಇಂಚಿನದಕ್ಕಿಂತ ಕಡಿಮೆ ಜಾರುತ್ತದೆ. ತಿರುವಿನಲ್ಲಿ ಹಿಂಭಾಗ ಹೊರಳುವುದು ಮೊದಲಿಗಿಂತ ನಿಧಾನ, ಮುಂಚಿತವಾಗಿ ಊಹಿಸಬಹುದಾದಂಥದ್ದು. ದಾರಿ ಬಿಟ್ಟು ಮೊಣಕಾಲಾಳದ ಹೊಸ ಹಿಮಕ್ಕೆ ಇಳಿದಾಗ ನಿಂತ ಜಾಗದಿಂದ ಹೊರಡುವ ಶಕ್ತಿ ಸ್ಪಷ್ಟವಾಗಿ ಹೆಚ್ಚಿತ್ತು. ಟ್ರ್ಯಾಕಿನ ಮಟ್ಟಿಗೆ ನನ್ನ ತೀರ್ಪು ನಿಸ್ಸಂದೇಹವಾಗಿ ಅನುಕೂಲಕರವಾದದ್ದು. ಮಂಜುಗಡ್ಡೆಯ ಮೇಲಿನ ಹಿಡಿತಕ್ಕೆ ಲೋಹದ ಮೊಳೆ ಬೇಕಾದವರಿಗೆ ಕಾರ್ಖಾನೆಯಲ್ಲೇ ಮೊಳೆ ಕೂರಿಸಿದ ಐಸ್ ಕೋಬ್ರಾ ಎಂಬ ರೂಪವೂ ಇದೆ.

ಆದರೆ ಎಂಟು ಹಲ್ಲಿನ ಸ್ಪ್ರಾಕೆಟ್ ಇದ್ದಾಗ ಮುಂದಿನ ಕೂಲರ್ ಬಳಿ ಉಳಿದ ಸಂದು ಅರ್ಧ ಇಂಚಿಗಿಂತ ತುಸು ಕಡಿಮೆಯಾಗಿತ್ತು, ವೇಗ ಹೆಚ್ಚುತ್ತ ಹೋದ ಹಾಗೆ ಅದರ ಪರಿಣಾಮ ಕಾಣತೊಡಗಿತು. ಆಳದ ಹಿಮದಲ್ಲಿ ಹೊರಡುವುದು ಸೊಗಸಾಗಿದ್ದರೂ, ಥ್ರಾಟಲ್ ಪೂರ್ತಿ ಒತ್ತಿ ಹಿಡಿದಾಗ ಎಂಜಿನ್ ತನ್ನ ಗರಿಷ್ಠ ಶಕ್ತಿಯ ಆರ್‌ಪಿಎಂ ಮುಟ್ಟದೆ ಸ್ವಲ್ಪ ಕೆಳಗೇ ನಿಲ್ಲುತ್ತಿತ್ತು. ಕ್ಲಚ್ಚಿನ ಭಾರ, ಸ್ಪ್ರಿಂಗು, ಬೆಲ್ಟು ಎಲ್ಲವೂ ಮೊದಲಿನವೇ. ಗಟ್ಟಿ ಟ್ರೇಲಿನಲ್ಲಿ ಇದೇ ಗಾಡಿ ಸರಿಯಾದ ಆರ್‌ಪಿಎಂಗೆ ಏರುತ್ತಿತ್ತು. ಕಾರಣ ಟನಲ್ಲಿನೊಳಗೆ ಇತ್ತು. ಲಗ್ಗುಗಳು ಎತ್ತಿಕೊಂಡು ಬಂದ ಹಿಮವೆಲ್ಲ ಹಿಂದಕ್ಕೆ ಚಿಮ್ಮಿಹೋಗುವುದಿಲ್ಲ. ಒಂದು ಪಾಲು ಟ್ರ್ಯಾಕಿನೊಂದಿಗೇ ಮೇಲೆ ಸುತ್ತಿ ಬಂದು, ಸ್ಪ್ರಾಕೆಟ್ಟಿನ ತಿರುವಿನಲ್ಲಿ ಕೂಲರಿಗೂ ಲಗ್ಗಿಗೂ ನಡುವೆ ಸಿಕ್ಕಿ ಹಿಂಡಲ್ಪಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಸೈಕಲ್ಲಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಜಂಬಿಟ್ಟಿಗೆ ಮಣ್ಣಿನ ಕೆಸರು ತುಂಬಿಕೊಂಡಾಗ ಪೆಡಲು ಭಾರವಾಗುವುದು ಇದೇ ಕಾರಣಕ್ಕೆ. ಅಲ್ಲಿ ತುಳಿಯುವವನಿಗೆ ಕೂಡಲೇ ತಿಳಿಯುತ್ತದೆ. ಇಲ್ಲಿ ನೂರಕ್ಕೂ ಹೆಚ್ಚು ಅಶ್ವಶಕ್ತಿಯ ಎಂಜಿನ್ ಆ ಭಾರವನ್ನು ನುಂಗಿಕೊಂಡು ಓಡುವುದರಿಂದ ಸವಾರನಿಗೆ ಗೊತ್ತಾಗುವುದು ತಡ.

ಇದಕ್ಕೆ ಇನ್ನೊಂದು ಮುಖವಿದೆ. ಸಂದು ಕಿರಿದಾಗಿದ್ದರೆ ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಕರಗಿದ ಹಿಮ ಮಂಜುಗಡ್ಡೆಯಾಗಿ ಲಗ್ಗನ್ನೂ ಕೂಲರನ್ನೂ ಬೆಸೆದುಬಿಡುತ್ತದೆ. ಬೆಳಿಗ್ಗೆ ಹಿಂಭಾಗವನ್ನು ಎತ್ತಿ ಕುಕ್ಕಿ ಬಿಡಿಸದೆ ಹೊರಟರೆ ಡ್ರೈವ್ ಬೆಲ್ಟಿಗೆ ಏಟು. ಇದಲ್ಲದೆ, ನಿಂತಾಗ ಅಳೆದ ಸಂದು ಓಡುವಾಗಿನ ಸಂದಲ್ಲ. ವೇಗ ಹೆಚ್ಚಿದಂತೆ ಟ್ರ್ಯಾಕ್ ತನ್ನದೇ ತೂಕದ ಕೇಂದ್ರಾಪಗಾಮಿ ಸೆಳೆತದಿಂದ ಹೊರಕ್ಕೆ ಉಬ್ಬುತ್ತದೆ. ಲಗ್ ಎತ್ತರವಾದಷ್ಟೂ ತೂಕ ಹೆಚ್ಚು, ಉಬ್ಬೂ ಹೆಚ್ಚು. ಮೇಲಿನ ಪಾರ್ಶ್ವದಲ್ಲಿ ಕ್ಯಾರಿಯರ್ ಚಕ್ರಗಳು ಇರುವುದು ಈ ಏರಿಳಿತವನ್ನು ತಡೆಯಲೆಂದೇ. ಗ್ಯಾರೇಜಿನಲ್ಲಿ ಕಾಲು ಇಂಚು ಉಳಿದಿದೆಯಲ್ಲ, ತಾಗುತ್ತಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡವರ ಟನಲ್ಲಿನ ಛಾವಣಿಯಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ರಬ್ಬರಿನ ಕಪ್ಪು ಗೆರೆಗಳು ಕಾಣುವುದು ಇದರಿಂದಲೇ. ಅರ್ಧ ಇಂಚಿಗಿಂತ ಕಡಿಮೆ ಸಂದಿನಲ್ಲಿ ಎತ್ತರದ ಲಗ್ ಓಡಿಸುವುದನ್ನು ನಾನು ಯಾರಿಗೂ ಸೂಚಿಸಲಾರೆ. ಮುಕ್ಕಾಲು ಇಂಚು ಸಿಕ್ಕರೆ ನೆಮ್ಮದಿ.

ಏಳು ಹಲ್ಲಿನ ಸ್ಪ್ರಾಕೆಟ್ ಜೋಡಿ ಆ್ಯಂಟಿ-ರ‍್ಯಾಚೆಟ್ ಮಾದರಿಯದು. ಸಾಮಾನ್ಯ ಇನ್ವೊಲ್ಯೂಟ್ ಸ್ಪ್ರಾಕೆಟ್ ಟ್ರ್ಯಾಕಿನ ಒಳಮೈಯ ರಬ್ಬರ್ ಉಬ್ಬುಗಳನ್ನು ಮಾತ್ರ ತಳ್ಳುತ್ತದೆ; ಎಕ್ಸ್‌ಟ್ರೊವರ್ಟ್ ಮಾದರಿಯ ಹಲ್ಲುಗಳು ಟ್ರ್ಯಾಕಿನ ಕಿಂಡಿಗಳೊಳಗೇ ಹೊಕ್ಕು ಹಿಡಿಯುತ್ತವೆ; ಆ್ಯಂಟಿ-ರ‍್ಯಾಚೆಟ್‌ನಲ್ಲಿ ಎರಡೂ ಬಗೆಯ ಹಿಡಿತ ಸೇರಿರುತ್ತದೆ. ಹಲ್ಲು ಕಡಿಮೆಯಾದಾಗ ಏಕಕಾಲಕ್ಕೆ ಟ್ರ್ಯಾಕನ್ನು ಹಿಡಿದಿರುವ ಹಲ್ಲುಗಳೂ ಕಡಿಮೆಯಾಗುವುದರಿಂದ, ಜೋರಾಗಿ ಥ್ರಾಟಲ್ ಕೊಟ್ಟಾಗ ಅಥವಾ ಬ್ರೇಕ್ ಒತ್ತಿದಾಗ ಟ್ರ್ಯಾಕ್ ಹಲ್ಲು ತಪ್ಪಿ ಕಟಕಟನೆ ಜಾರುವ ಅಪಾಯವಿದೆ. ಹೀಗಾಗಿ ಚಿಕ್ಕ ಸ್ಪ್ರಾಕೆಟ್ಟಿಗೆ ಹೋಗುವವರು ಸಾಮಾನ್ಯ ಇನ್ವೊಲ್ಯೂಟ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ಹಿಡಿತ ಭದ್ರವಾಗಿದ್ದರೆ ಟ್ರ್ಯಾಕನ್ನು ಅತಿಯಾಗಿ ಬಿಗಿಯಬೇಕಾಗಿಲ್ಲ, ಬಿಗಿತ ಕಡಿಮೆಯಾದರೆ ಎಳೆತವೂ ಕಡಿಮೆ.

ಇದನ್ನು ಹಾಕಿಸಿದ ಮೇಲೆ ಆಳದ ಹಿಮದಲ್ಲಿ ಆದ ಬದಲಾವಣೆ ನನ್ನ ನಿರೀಕ್ಷೆಗಿಂತ ದೊಡ್ಡದು. ಥ್ರಾಟಲ್ ಪೂರ್ತಿ ಒತ್ತಿದಾಗ ಎಂಜಿನ್ ತಡವರಿಸದೆ ತನ್ನ ಆರ್‌ಪಿಎಂಗೆ ಏರಿ ಅಲ್ಲೇ ನಿಂತಿತು. ಇದರಲ್ಲಿ ಒಂದು ಪಾಲು ಗೇರಿಂಗ್ ತಗ್ಗಿದ್ದರಿಂದ ಬಂದದ್ದು ಎಂಬುದನ್ನು ಮರೆಯಬಾರದು: ಎಂಟರಿಂದ ಏಳು ಹಲ್ಲಿಗೆ ಇಳಿದಾಗ ಶಾಫ್ಟಿನ ಪ್ರತಿ ಸುತ್ತಿಗೆ ಗಾಡಿ ಸಾಗುವ ದೂರ ಶೇಕಡಾ 12.5ರಷ್ಟು ಕಡಿಮೆಯಾಗುತ್ತದೆ. ಈ ಎರಡು ಪರಿಣಾಮಗಳನ್ನು ಬೇರ್ಪಡಿಸಲು, ಎಂಜಿನ್ನಿನ ಶಕ್ತಿಯನ್ನು ಚೈನಿನ ಮೂಲಕ ಡ್ರೈವ್ ಶಾಫ್ಟಿಗೆ ಮುಟ್ಟಿಸುವ ಚೈನ್‌ಕೇಸಿನ ಮೇಲಿನ ಹಲ್ಲುಚಕ್ರವನ್ನು 21ರಿಂದ 23 ಹಲ್ಲಿಗೆ ಬದಲಿಸಿದೆ. 24 ಹಲ್ಲಾಗಿದ್ದರೆ ಲೆಕ್ಕ ಸರಿಸಮ, ಮೂಲ ಗೇರಿಂಗೇ ಮರಳುತ್ತಿತ್ತು. 23ರಲ್ಲಿ ಮೂಲಕ್ಕಿಂತ ಶೇಕಡಾ ನಾಲ್ಕರಷ್ಟು ಮಾತ್ರ ತಗ್ಗು. ಎತ್ತರದ ಲಗ್ಗಿಗೆ ಆ ಸ್ವಲ್ಪ ತಗ್ಗು ಬೇಕಾದದ್ದೇ. ಹೀಗೆ ಗೇರಿಂಗನ್ನು ಬಹುಪಾಲು ಹಿಂದಕ್ಕೆ ತಂದ ಮೇಲೂ ಆಳದ ಹಿಮದಲ್ಲಿನ ಲವಲವಿಕೆ ಉಳಿಯಿತಾದ್ದರಿಂದ ಸಂದಿನದೇ ದೊಡ್ಡ ಪಾಲು ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಹಲ್ಲುಚಕ್ರ ಬದಲಿಸುವವರು ಚೈನಿನ ಉದ್ದ ಸಾಲುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಎರಡು ಮೂರು ಹಲ್ಲಿನ ವ್ಯತ್ಯಾಸಕ್ಕೆ ಹಲವು ಬಾರಿ ಬೇರೆ ಚೈನ್ ಬೇಕಾಗುತ್ತದೆ. ಸ್ಪೀಡೊಮೀಟರಿನ ಸಂವೇದಕ ಡ್ರೈವ್ ಶಾಫ್ಟಿನ ಮೇಲಿದ್ದರೆ ಅದು ಎಂಟು ಹಲ್ಲನ್ನೇ ನಂಬಿಕೊಂಡಿರುತ್ತದೆ: ಗಂಟೆಗೆ 80 ಮೈಲಿ ಎಂದು ತೋರಿಸಿದಾಗ ನಿಜವಾಗಿ ಓಡುತ್ತಿರುವುದು 70. ಅಂಗಳದಲ್ಲಿ ಜಂಬ ಕೊಚ್ಚಿಕೊಳ್ಳುವವರಿಗೆ ಇದೊಂದು ಲಾಭ ಎನ್ನಬಹುದೇನೊ.

ಗಟ್ಟಿ ಟ್ರೇಲಿನಲ್ಲಿ ಕಥೆ ತಿರುವುಮುರುವು. ಹೋಟನ್ನಿನಿಂದ ದಕ್ಷಿಣಕ್ಕೆ ಹಳೆಯ ಕಾಪರ್ ರೇಂಜ್ ರೈಲುಹಾದಿಯ ಮೇಲೆ ಸಾಗುವ ಬಿಲ್ ನಿಕೋಲ್ಸ್ ಟ್ರೇಲ್ ಉದ್ದುದ್ದಕ್ಕೆ ನೇರವಾಗಿರುವುದರಿಂದ ಇಂಥ ಹೋಲಿಕೆಗೆ ಹೇಳಿ ಮಾಡಿಸಿದ್ದು. ಅಲ್ಲಿ ಏಳು ಹಲ್ಲಿನ ಸ್ಪ್ರಾಕೆಟ್ ಒಂದು ಹೆಜ್ಜೆ ಹಿಂದೆಯೇ. ಚಿಕ್ಕ ತ್ರಿಜ್ಯದ ಸುತ್ತ ರಬ್ಬರ್ ಟ್ರ್ಯಾಕ್ ಹೆಚ್ಚು ಬಾಗಬೇಕು, ಪ್ರತಿ ಬಾಗುವಿಕೆಯೂ ಶಕ್ತಿಯನ್ನು ಶಾಖವಾಗಿ ತಿನ್ನುತ್ತದೆ. ಗಟ್ಟಿ ಹಾದಿಯಲ್ಲಿ ಟನಲ್ಲಿನೊಳಗೆ ಹಿಮವೇ ಕಡಿಮೆ ಇರುವುದರಿಂದ ಹೆಚ್ಚಿದ ಸಂದಿನಿಂದ ಮರಳಿ ಬರುವುದು ಏನೂ ಇಲ್ಲ. ಕಂಪನವೂ ಹೆಚ್ಚುತ್ತದೆ. ಹಲ್ಲು ಕಡಿಮೆಯಾದಷ್ಟೂ ಸ್ಪ್ರಾಕೆಟ್ ವೃತ್ತಕ್ಕಿಂತ ಬಹುಭುಜವನ್ನೇ ಹೆಚ್ಚು ಹೋಲುತ್ತದೆ. ಗಟ್ಟಿ ಕೊಂಡಿಗಳ ಸರಪಳಿ ಎಂದು ಭಾವಿಸಿ ಲೆಕ್ಕ ಹಾಕಿದರೆ ಎಂಟು ಹಲ್ಲಿನಲ್ಲಿ ವೇಗದ ಏರಿಳಿತ ಶೇಕಡಾ 7.6, ಏಳು ಹಲ್ಲಿನಲ್ಲಿ ಶೇಕಡಾ 9.9. ರಬ್ಬರ್ ಇದನ್ನು ಬಹುಮಟ್ಟಿಗೆ ಮೃದುಗೊಳಿಸುತ್ತದೆಯಾದರೂ ಮಧ್ಯಮ ವೇಗದಲ್ಲಿ ಕಾಲಡಿಯ ಹಲಗೆಯಲ್ಲಿ ಮೊದಲಿಲ್ಲದ ಸಣ್ಣ ನಡುಕವೊಂದು ಈಗ ಇದೆ. ಅಭ್ಯಾಸವಾಗುತ್ತದೆ, ಆದರೆ ಇಲ್ಲವೆನ್ನಲಾಗದು.

ಶೀತಕದ ವಿಷಯದಲ್ಲೂ ಎಚ್ಚರ ಬೇಕು. ಟನಲ್ಲಿನ ಕೂಲರ್‌ಗಳು ತಣ್ಣಗಾಗುವುದು ಟ್ರ್ಯಾಕ್ ಎರಚುವ ಹಿಮದಿಂದಲೇ. ಲಗ್ ಕೂಲರ್‌ನಿಂದ ದೂರ ಸರಿದರೆ ಹೊಸ ಹಿಮದಲ್ಲಿ ಯಾವ ತೊಂದರೆಯೂ ಆಗದು. ಬಿಸಿಲಿಗೆ ಕರಗಿ ಮತ್ತೆ ಹೆಪ್ಪುಗಟ್ಟಿದ ಮಾರ್ಚ್ ತಿಂಗಳ ಹಾದಿಯಲ್ಲಿ ಮಾತ್ರ ಉಷ್ಣಾಂಶದ ಮುಳ್ಳು ಮೊದಲಿಗಿಂತ ಬೇಗ ಏರುತ್ತದೆ, ಗಟ್ಟಿ ಹಾದಿಯನ್ನು ಕೆರೆದು ಹಿಮ ಎಬ್ಬಿಸುವ ಐಸ್ ಸ್ಕ್ರ್ಯಾಚರ್‌ಗಳನ್ನು ಮೊದಲಿಗಿಂತ ಬೇಗ ಕೆಳಗಿಳಿಸಬೇಕಾಗುತ್ತದೆ. ಸ್ಲೈಡ್ ರೈಲಿನ ಪ್ಲಾಸ್ಟಿಕ್ ಪಟ್ಟಿಗೂ ಹಿಮದ ತೇವವೇ ಎಣ್ಣೆ, ಹೀಗಾಗಿ ಸ್ಕ್ರ್ಯಾಚರ್ ಇಲ್ಲದ ಹಳೆಯ ಗಾಡಿಯವರು ಈ ಕೆಲಸಕ್ಕೆ ಕೈಹಾಕುವ ಮುನ್ನ ಅದನ್ನು ಕೂರಿಸಿಕೊಳ್ಳುವುದು ಲೇಸು.

ಟ್ರ್ಯಾಕ್ ಏರುವ ಕೋನವೂ ಬದಲಾಗುತ್ತದೆ. ಶಾಫ್ಟ್ ಇದ್ದಲ್ಲೇ ಇದ್ದು ಸ್ಪ್ರಾಕೆಟ್ ಚಿಕ್ಕದಾದಾಗ ಮೇಲೆ ಸಿಕ್ಕಷ್ಟೇ ಜಾಗ ಕೆಳಗೂ ತೆರವಾಗಿ ಟ್ರ್ಯಾಕಿನ ಮುಂಭಾಗ 11.5 ಮಿಲಿಮೀಟರ್ ಮೇಲಕ್ಕೆ ಹೋಗುತ್ತದೆ, ಹಿಮವನ್ನು ಎದುರಿಸುವ ಇಳಿಜಾರು ಅಷ್ಟರಮಟ್ಟಿಗೆ ಕಡಿದಾಗುತ್ತದೆ. ಆಳದ ಹಿಮದಲ್ಲಿ ಬೇಕಾದದ್ದು ಇದಕ್ಕೆ ವಿರುದ್ಧ: ಇಳಿಜಾರು ಮಟ್ಟಸವಾದಷ್ಟೂ ಟ್ರ್ಯಾಕ್ ಹಿಮವನ್ನು ಅಗೆಯದೆ ಅದರ ಮೇಲೇರುತ್ತದೆ. ಪರ್ವತಪ್ರದೇಶದ ಸವಾರರು ಶಾಫ್ಟನ್ನೇ ಕೆಳಕ್ಕೂ ಮುಂದಕ್ಕೂ ಸರಿಸುವ ಡ್ರಾಪ್ ಆ್ಯಂಡ್ ರೋಲ್ ಚೈನ್‌ಕೇಸ್ ಹಾಕಿಸುವುದು ಸಂದನ್ನೂ ಕೋನವನ್ನೂ ಒಟ್ಟಿಗೆ ಗಳಿಸಲೆಂದೇ. ತಾಂತ್ರಿಕವಾಗಿ ಅದೇ ಶ್ರೇಷ್ಠ ಪರಿಹಾರ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದರ ಖರ್ಚು ಮತ್ತು ಟನಲ್ ಕೊರೆಯುವ ಕೆಲಸ ನೋಡಿದರೆ ಕೀವಿನಾದಂಥ ಕಿರುಗುಡ್ಡಗಳ ಸೀಮೆಗೆ ಅದು ಅತಿಯಾಯಿತು, 1.6 ಇಂಚಿನ ಲಗ್ಗಿಗೆ ಏಳು ಹಲ್ಲು ಸಾಕು.

ಜೋಡಿಸಿಕೊಟ್ಟ ವರ್ಕ್‌ಶಾಪಿನ ಬಗ್ಗೆ ಎರಡು ಮಾತು. ಎರಡೂ ಸ್ಪ್ರಾಕೆಟ್‌ಗಳ ಹಲ್ಲುಗಳು ಒಂದೇ ಸಾಲಿಗೆ ಬರುವಂತೆ ಶಾಫ್ಟಿನ ಮೇಲೆ ಒತ್ತಿ ಕೂರಿಸುವ ಕೆಲಸವನ್ನು ಅವರು ಅಚ್ಚುಕಟ್ಟಾಗಿ ಮಾಡಿದ್ದರು. ಇದರಲ್ಲಿ ಕೊಂಚ ತಪ್ಪಿದರೂ ಒಂದು ಚಕ್ರವೇ ಭಾರವೆಲ್ಲ ಹೊತ್ತು ಟ್ರ್ಯಾಕಿನ ಒಳ ಉಬ್ಬುಗಳು ಹರಿಯುತ್ತವೆ. ಆದರೆ ಸಂದನ್ನು ಅಳೆದದ್ದು ಗಾಡಿ ಸ್ಟ್ಯಾಂಡಿನ ಮೇಲೆ, ಸಸ್ಪೆನ್ಷನ್ ಜೋತುಬಿದ್ದಿರುವಾಗ ಮಾತ್ರ. ಹಿಂಭಾಗವನ್ನು ಪಟ್ಟಿಯಿಂದ ಕೆಳಗೆಳೆದು ಸಸ್ಪೆನ್ಷನ್ ಪೂರ್ತಿ ಕುಗ್ಗಿಸಿ, ಲಗ್ಗಿನ ತುದಿಗೆ ಮೆತ್ತನೆಯ ಜೇಡಿಯ ಉಂಡೆ ಅಂಟಿಸಿ, ಟ್ರ್ಯಾಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಉಂಡೆ ಎಷ್ಟು ಚಪ್ಪಟೆಯಾಯಿತೆಂದು ನೋಡಬೇಕು. ಇದನ್ನು ನಾನೇ ಮನೆಯಲ್ಲಿ ಮಾಡಿಕೊಂಡೆ. ಹಿಂದಿನ ಚಕ್ರಗಳನ್ನು ದೊಡ್ಡದು ಮಾಡೋಣ, ಉರುಳುವ ಪ್ರತಿರೋಧ ಕಡಿಮೆಯಾಗುತ್ತದೆ ಎಂಬ ಅವರ ಸಲಹೆಯನ್ನು ನಾನು ಒಪ್ಪಲಿಲ್ಲ. ಅದು ಸುಳ್ಳಲ್ಲ, ಆದರೆ ದೊಡ್ಡ ಚಕ್ರ ಹಿಂಭಾಗದಲ್ಲಿ ಟ್ರ್ಯಾಕನ್ನು ಮೇಲಕ್ಕೆತ್ತಿ ಮುಂದೆ ಗಳಿಸಿದ ಸಂದನ್ನು ಹಿಂದೆ ಕಳೆಯುತ್ತದೆ.

ಮೊಳೆ ಹೊಡೆಸುವವರು ಈ ಲೆಕ್ಕಕ್ಕೆ ಮೊಳೆಯ ಉದ್ದವನ್ನೂ ಸೇರಿಸಬೇಕು. ಮೊಳೆಯ ತುದಿ ಲಗ್ಗಿಗಿಂತ ಮೇಲೆ ಚಾಚಿರುತ್ತದೆ, ಅದು ರಬ್ಬರಿನಂತೆ ಗೆರೆ ಎಳೆದು ಸುಮ್ಮನಾಗುವುದಿಲ್ಲ, ಕೂಲರನ್ನೇ ಸೀಳಿ ಶೀತಕವನ್ನು ಹಿಮಕ್ಕೆ ಸುರಿಸುತ್ತದೆ. ಟನಲ್ ರಕ್ಷಕ ಪಟ್ಟಿಗಳಿಲ್ಲದೆ ಆ ಸಾಹಸ ಬೇಡ. ಆ ಪಟ್ಟಿಗಳ ದಪ್ಪವೂ ಸಂದಿನಿಂದಲೇ ಕಳೆಯುತ್ತದೆ.

ಯಾರು ಕೊಳ್ಳಬೇಕು? ಹದಗೊಳಿಸಿದ ಟ್ರೇಲ್ ಬಿಟ್ಟು ಕದಲದವರಿಗೆ ಒಂದೂಕಾಲು ಇಂಚಿನ ಟ್ರ್ಯಾಕೂ ಎಂಟು ಹಲ್ಲೂ ಇದ್ದಂತೆಯೇ ಇರಲಿ. ಟ್ರೇಲೇ ಮುಖ್ಯ, ಹೊಸ ಹಿಮ ಬಿದ್ದ ಬೆಳಿಗ್ಗೆ ಮಾತ್ರ ಕಾಡಿನಂಚಿಗೆ ಇಳಿಯುತ್ತೇನೆ ಎನ್ನುವವರು ಕೋಬ್ರಾ 1.6 ಹಾಕಿಸಿ, ಅಳೆದಾಗ ಅರ್ಧ ಇಂಚಿಗೂ ಮೇಲೆ ಸಂದು ಉಳಿದರೆ ಅಲ್ಲಿಗೇ ನಿಲ್ಲಬಹುದು. ಅರ್ಧಕ್ಕರ್ಧ ಹೊತ್ತು ಆಳದ ಹಿಮದಲ್ಲೇ ಕಳೆಯುವವರಿಗೆ ಏಳು ಹಲ್ಲಿನ ಜೋಡಿ ಟ್ರ್ಯಾಕಿನಷ್ಟೇ ಅಗತ್ಯ, ಬೆಲೆಯೋ ಟ್ರ್ಯಾಕಿನ ಸಣ್ಣದೊಂದು ಪಾಲು. ಕೂಲಿಯೇ ಹೆಚ್ಚು, ಹೀಗಾಗಿ ಟ್ರ್ಯಾಕ್ ಬಿಚ್ಚಿದಾಗಲೇ ಎರಡನ್ನೂ ಮಾಡಿಸಿದರೆ ಒಂದು ಕೂಲಿ ಉಳಿಯುತ್ತದೆ. ಸ್ಪ್ರಾಕೆಟ್ ಚಿಕ್ಕದಾದಾಗ ಟ್ರ್ಯಾಕಿನಲ್ಲಿ ಸುಮಾರು 1.4 ಇಂಚಿನ ಸಡಿಲು ಬರುತ್ತದೆ, ಅದನ್ನು ಬಿಗಿಯಲು ಹಿಂದಿನ ಆಕ್ಸಲ್ 18 ಮಿಲಿಮೀಟರಿನಷ್ಟು ಹಿಂದೆ ಸರಿಯಬೇಕು. ಹೊಂದಿಸುವ ತಿರುಪಿನಲ್ಲಿ ಅಷ್ಟು ಜಾಗವಿದೆಯೇ ಎಂದು ಸ್ಪ್ರಾಕೆಟ್ ತರಿಸುವ ಮೊದಲೇ ನೋಡಿರಿ. ಬಿಗಿತಕ್ಕೆ ನಿಮ್ಮ ಗಾಡಿಯ ಕೈಪಿಡಿಯ ಅಳತೆಯೇ ಪ್ರಮಾಣ. ಅನೇಕ ಸ್ಕೀ-ಡೂ ಮಾದರಿಗಳಲ್ಲಿ 7.3 ಕಿಲೋ ಭಾರಕ್ಕೆ ಸುಮಾರು 30ರಿಂದ 35 ಮಿಲಿಮೀಟರ್ ಬಾಗಬೇಕೆಂದಿದೆ. ಹೊಸ ಟ್ರ್ಯಾಕ್ ಮೊದಲ ಕೆಲವು ಗಂಟೆಗಳಲ್ಲಿ ಹಿಗ್ಗುವುದರಿಂದ ಮೊದಲ ಸವಾರಿ ಮುಗಿದ ಕೂಡಲೇ ಬಿಗಿತವನ್ನೂ, ಅದರೊಂದಿಗೆ ಸಂದನ್ನೂ ಮತ್ತೊಮ್ಮೆ ಅಳೆಯಬೇಕಾಗುತ್ತದೆ.